ಹರಳಿನ ಚುಕ್ಕೆಗಳ ಲೆಕ್ಕ

ಅಡಿಗೆಮನೆಯ ಕಲ್ಲುಪ್ಪನ್ನೂ ಕಲ್ಲುಸಕ್ಕರೆಯನ್ನೂ ದಿನವೂ ಕೈಯಲ್ಲಿ ಹಿಡಿಯುವ ನಮಗೆ ಅವುಗಳ ಚಪ್ಪಟೆಯಾದ ಮುಖಗಳೂ ನೇರವಾದ ಅಂಚುಗಳೂ ವಿಶೇಷವೆಂದು ತೋರುವುದಿಲ್ಲ. ಆದರೆ ಕಲ್ಲುಸಕ್ಕರೆಯ ಹರಳು ಚಿಕ್ಕದಾಗಿರಲಿ ದೊಡ್ಡದಾಗಿರಲಿ, ಅದರ ಮುಖಗಳ ನಡುವಣ ಕೋನಗಳು ಮಾತ್ರ ಬದಲಾಗುವುದಿಲ್ಲ. ಇದಕ್ಕೆ ಕಾರಣವೇನೆಂದು ವಿಚಾರಿಸಿದರೆ, ಹರಳಿನೊಳಗೆ ಪರಮಾಣುಗಳು ಸಾಲುಸಾಲಾಗಿ, ಒಂದೇ ಕ್ರಮದಲ್ಲಿ, ಮತ್ತೆ ಮತ್ತೆ ಅದೇ ವಿನ್ಯಾಸದಲ್ಲಿ ಜೋಡಿಸಲ್ಪಟ್ಟಿರುವುದು ತಿಳಿಯುತ್ತದೆ. ಅಡಿಗೆಯ ಉಪ್ಪಿನಲ್ಲಿ ಒಂದು ಮಿಲಿಮೀಟರು ಉದ್ದದ ಒಂದೇ ಸಾಲಿನೊಳಗೆ ಸುಮಾರು 35 ಲಕ್ಷ ಪರಮಾಣುಗಳಿರುವುವು. ಇಷ್ಟು ಸೂಕ್ಷ್ಮವಾದ ಜೋಡಣೆಯನ್ನು ಯಾವ ಸೂಕ್ಷ್ಮದರ್ಶಕದ ಗಾಜೂ ಬೆಳಕಿನಿಂದ ತೋರಿಸಲಾರದು. ಹಾಗಿದ್ದರೂ ಮನುಷ್ಯನು ಅದನ್ನು ಅಳೆದಿದ್ದಾನೆ. ಅಳೆದುದು ಹೇಗೆ, ಆ ಅಳತೆಯ ಲೆಕ್ಕವನ್ನು ಈಗ ಗಣಕಯಂತ್ರಗಳು ಹೇಗೆ ಮಾಡುತ್ತವೆ, ಆ ಲೆಕ್ಕವನ್ನು ನಾವು ಎಷ್ಟರಮಟ್ಟಿಗೆ ನಂಬಬಹುದು ಎಂಬುದನ್ನು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದೆ ಸರಳವಾಗಿ ನಿವೇದಿಸುವುದೇ ಈ ಲೇಖನದ ಉದ್ದೇಶ.

1912ನೆಯ ಇಸವಿಯಲ್ಲಿ ಜರ್ಮನಿಯ ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ಫಾನ್ ಲೌಯೆ ಎಂಬ ವಿದ್ವಾಂಸರು ಒಂದು ಪ್ರಶ್ನೆಯನ್ನು ಎತ್ತಿದರು. ಆಸ್ಪತ್ರೆಗಳಲ್ಲಿ ಮೂಳೆಯ ಚಿತ್ರ ತೆಗೆಯುವುದಕ್ಕೆ ಬಳಸುವ ಕ್ಷಕಿರಣಗಳು ಬೆಳಕಿನಂತೆಯೇ ಅಲೆಗಳಾಗಿದ್ದರೆ, ಮತ್ತು ಆ ಅಲೆಗಳ ಉದ್ದವು ಪರಮಾಣುಗಳ ನಡುವಣ ಅಂತರದಷ್ಟೇ ಸಣ್ಣದಾಗಿದ್ದರೆ, ಹರಳಿನ ಮೂಲಕ ಹಾಯುವಾಗ ಅವು ಕೆಲವು ನಿಯತವಾದ ದಿಕ್ಕುಗಳಲ್ಲಿ ಮಾತ್ರ ಹೊರಬೀಳಬೇಕಲ್ಲವೆ? ವಾಲ್ಟರ್ ಫ್ರೀಡ್ರಿಖ್ ಮತ್ತು ಪಾಲ್ ಕ್ನಿಪ್ಪಿಂಗ್ ಎಂಬ ಇಬ್ಬರು ಮೈಲುತುತ್ತದ ಹರಳೊಂದನ್ನು ಕ್ಷಕಿರಣದ ಎದುರಿನಲ್ಲಿಟ್ಟು, ಅದರ ಹಿಂದೆ ಛಾಯಾಚಿತ್ರದ ಫಲಕವನ್ನು ನಿಲ್ಲಿಸಿದರು. ಫಲಕವನ್ನು ತೊಳೆದು ನೋಡಲು, ನಡುವಣ ದೊಡ್ಡ ಕಲೆಯ ಸುತ್ತಲೂ ಅನೇಕ ಚಿಕ್ಕ ಚುಕ್ಕೆಗಳು ಮೂಡಿದ್ದುವು. ಕ್ಷಕಿರಣಗಳು ಅಲೆಗಳೆಂಬುದೂ, ಹರಳು ಕ್ರಮಬದ್ಧವಾದ ಪರಮಾಣುಗಳ ಸಮೂಹವೆಂಬುದೂ ಒಂದೇ ಚಿತ್ರದಿಂದ ಸಿದ್ಧವಾದುವು. ಲೌಯೆಯವರಿಗೆ 1914ರ ನೊಬೆಲ್ ಪಾರಿತೋಷಕವು ದೊರಕಿತು. ಅಂದಿನಿಂದ ಇಂಥ ಚಿತ್ರಗಳಿಗೆ ಲೌಯೆ ಚಿತ್ರಗಳೆಂದೇ ಹೆಸರಾಯಿತು.

ಆ ಚುಕ್ಕೆಗಳ ಅರ್ಥವನ್ನು ಸುಲಭಮಾಡಿಕೊಟ್ಟವರು ಇಂಗ್ಲೆಂಡಿನ ಲಾರೆನ್ಸ್ ಬ್ರ್ಯಾಗ್. ಅಡಕೆಯ ತೋಟದ ಪಕ್ಕದಲ್ಲಿ ನಡೆದುಹೋಗುವವರಿಗೆ ಒಂದು ಕಡೆಯಿಂದ ನೋಡಿದಾಗ ಮರಗಳು ಒಂದು ಬಗೆಯ ಸಾಲುಗಳಾಗಿಯೂ, ಸ್ವಲ್ಪ ಮುಂದೆ ಹೋದಾಗ ಓರೆಯಾದ ಬೇರೆ ಸಾಲುಗಳಾಗಿಯೂ ಕಾಣುವುದು ಎಲ್ಲರ ಅನುಭವ. ಮರಗಳು ಅವೇ, ಸಾಲುಗಳು ಹಲವು. ಹರಳಿನೊಳಗೂ ಹಾಗೆಯೇ ಪರಮಾಣುಗಳ ಹಲವು ಬಗೆಯ ಪದರಗಳುಂಟು. ಪ್ರತಿಯೊಂದು ಬಗೆಯ ಪದರವೂ ಕ್ಷಕಿರಣಕ್ಕೆ ಕನ್ನಡಿಯಂತೆ ವರ್ತಿಸುವುದು. ಆದರೆ ಈ ಕನ್ನಡಿ ಬಂದ ಕಿರಣಗಳನ್ನೆಲ್ಲಾ ಹಿಂದಿರುಗಿಸುವುದಿಲ್ಲ. ಪದರಗಳ ನಡುವಣ ಅಂತರಕ್ಕೂ ಕಿರಣವು ಬೀಳುವ ಕೋನಕ್ಕೂ ಹೊಂದುವಷ್ಟು ಉದ್ದದ ಅಲೆಯನ್ನು ಮಾತ್ರ ಅದು ಪ್ರತಿಫಲಿಸುವುದು. ಹಾಗೆ ಪ್ರತಿಫಲಿಸಿದ ಒಂದೊಂದು ಕಿರಣವೂ ಫಲಕದ ಮೇಲೆ ಒಂದೊಂದು ಚುಕ್ಕೆಯಾಗುವುದು. ಚುಕ್ಕೆಯ ಸ್ಥಾನದಿಂದ ಪದರದ ದಿಕ್ಕು ತಿಳಿಯುವುದು. ಚುಕ್ಕೆ ಎಷ್ಟು ಗಾಢವಾಗಿದೆಯೆಂಬುದರಿಂದ ಆ ಪದರಗಳಲ್ಲಿ ಯಾವ ಪರಮಾಣುಗಳು ಎಲ್ಲೆಲ್ಲಿ ಕುಳಿತಿವೆಯೆಂಬುದನ್ನು ಊಹಿಸುವುದಕ್ಕೆ ದಾರಿಯಾಗುವುದು. 1915ರಲ್ಲಿ ಲಾರೆನ್ಸ್ ಬ್ರ್ಯಾಗರಿಗೂ ಅವರ ತಂದೆಯವರಿಗೂ ನೊಬೆಲ್ ಪಾರಿತೋಷಕ ಬಂದಾಗ ಮಗನ ವಯಸ್ಸು 25 ವರ್ಷ ಮಾತ್ರ.

ಇಲ್ಲಿ ಎರಡು ಮಾರ್ಗಗಳು ಕವಲೊಡೆಯುವುವು. ಸೂರ್ಯನ ಬೆಳಕಿನಲ್ಲಿ ಹಲವು ಬಣ್ಣಗಳು ಬೆರೆತಿರುವಂತೆ, ಹಲವು ಉದ್ದದ ಅಲೆಗಳು ಬೆರೆತ ಕ್ಷಕಿರಣವನ್ನು ಕದಲದ ಹರಳಿನ ಮೇಲೆ ಹಾಯಿಸುವುದು ಲೌಯೆ ಮಾರ್ಗ. ಒಂದೇ ಉದ್ದದ ಅಲೆಯನ್ನು ಆರಿಸಿಕೊಂಡು, ಹರಳನ್ನು ಮೆಲ್ಲಮೆಲ್ಲನೆ ತಿರುಗಿಸುತ್ತಾ ಒಂದೊಂದು ಪದರವನ್ನೂ ಸರದಿಯಂತೆ ಅಳೆಯುವುದು ಇನ್ನೊಂದು ಮಾರ್ಗ. ಎರಡನೆಯದರಲ್ಲಿ ಅಲೆಯ ಉದ್ದವು ಮೊದಲೇ ಗೊತ್ತಿರುವುದರಿಂದ ಲೆಕ್ಕವು ಸುಗಮ. ಪರಮಾಣುಗಳ ಸ್ಥಾನವನ್ನು ನಿರ್ಣಯಿಸುವ ಬಹುಪಾಲು ಕೆಲಸವು ಆ ಮಾರ್ಗದಲ್ಲಿಯೇ ನಡೆಯಿತು. ಸಕ್ಕರೆ ಕಾಯಿಲೆಯವರಿಗೆ ಪ್ರಾಣಾಧಾರವಾದ ಇನ್ಸುಲಿನ್ನಿನ ರಚನೆಯನ್ನು ಡೊರೊತಿ ಹಾಡ್ಜ್‌ಕಿನ್ ಎಂಬ ಮಹಿಳೆ ಈ ಬಗೆಯಿಂದಲೇ ಕಂಡುಹಿಡಿದರು. 1935ರಲ್ಲಿ ಆಕೆ ಅದರ ಮೊದಲನೆಯ ಚಿತ್ರವನ್ನು ತೆಗೆದರು. ರಚನೆಯು ಪ್ರಕಟವಾದುದು 1969ರಲ್ಲಿ, ಮೂವತ್ತನಾಲ್ಕು ವರ್ಷಗಳ ತರುವಾಯ. ಆ ಕೊನೆಯ ಘಟ್ಟದಲ್ಲಿ ಆಕೆಯ ಸಂಗಡ ಕೆಲಸಮಾಡಿದವರಲ್ಲಿ ಒಬ್ಬರಾದ ಎಂ. ವಿಜಯನ್ ಅವರು ಅನಂತರ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ನೆಲಸಿ, ಪ್ರೋಟೀನುಗಳ ಹರಳುಗಳನ್ನು ಕುರಿತ ಅಧ್ಯಯನವನ್ನು ನಮ್ಮ ನಾಡಿನಲ್ಲಿ ಬೆಳೆಸಿದರು.

ಲೌಯೆ ಮಾರ್ಗಕ್ಕಾದರೋ ಒಂದು ದೊಡ್ಡ ಅನುಕೂಲವೂ ಒಂದು ದೊಡ್ಡ ತೊಡಕೂ ಉಂಟು. ಹರಳನ್ನು ತಿರುಗಿಸಬೇಕಾಗಿಲ್ಲವಾದುದರಿಂದ ನೂರಾರು ಸಾವಿರಾರು ಚುಕ್ಕೆಗಳು ಒಂದೇ ಕ್ಷಣದಲ್ಲಿ ಮೂಡುವುವು. ಇದು ಅನುಕೂಲ. ಆದರೆ ಯಾವ ಚುಕ್ಕೆಯನ್ನು ಯಾವ ಉದ್ದದ ಅಲೆಯು ಮೂಡಿಸಿತೆಂಬುದನ್ನು ಚಿತ್ರವು ತಾನಾಗಿ ಹೇಳುವುದಿಲ್ಲ. ಮೇಲಾಗಿ, ಒಂದು ಪದರಕ್ಕೆ ಹೊಂದುವ ಅಲೆಯ ಅರ್ಧ ಉದ್ದದ, ಮೂರರಲ್ಲೊಂದು ಉದ್ದದ ಅಲೆಗಳೂ ಅದೇ ದಿಕ್ಕಿನಲ್ಲಿ ಹೊರಟು, ವೀಣೆಯ ತಂತಿಯೊಂದರಲ್ಲಿ ಮೂಲಸ್ವರದೊಡನೆ ಮೇಲಿನ ಸ್ವರಗಳೂ ಬೆರೆತು ಕೇಳುವಂತೆ, ಒಂದೇ ಚುಕ್ಕೆಯಲ್ಲಿ ಕೂಡಿಕೊಳ್ಳಬಹುದು. ಇದು ತೊಡಕು. ಈ ಕಾರಣದಿಂದ ಬಹುಕಾಲ ಲೌಯೆ ಚಿತ್ರಗಳನ್ನು ಹರಳು ಯಾವ ಕಡೆಗೆ ಮುಖಮಾಡಿದೆಯೆಂದು ತಿಳಿಯುವುದಕ್ಕೂ, ಅದರ ಗುಣದೋಷಗಳನ್ನು ಪರೀಕ್ಷಿಸುವುದಕ್ಕೂ ಮಾತ್ರ ವಿಶೇಷವಾಗಿ ಉಪಯೋಗಿಸುತ್ತಿದ್ದರು.

ಅಂತಹ ಪರೀಕ್ಷೆಯೊಂದು ನಮ್ಮ ಸೀಮೆಯಲ್ಲಿಯೇ ನಡೆದು ಜಗತ್ತಿನ ಗಮನವನ್ನು ಸೆಳೆಯಿತು. ಮೈಸೂರು ಸಂಸ್ಥಾನವು ದಾನಮಾಡಿದ ಸುಮಾರು 370 ಎಕರೆ ಭೂಮಿಯಲ್ಲಿ 1909ರಲ್ಲಿ ಸ್ಥಾಪಿತವಾದ ಭಾರತೀಯ ವಿಜ್ಞಾನ ಸಂಸ್ಥೆಗೆ 1933ರಲ್ಲಿ ಸರ್ ಸಿ. ವಿ. ರಾಮನ್ ಅವರು ಬಂದರು. ವಜ್ರಗಳ ವಿಷಯದಲ್ಲಿ ಅವರಿಗಿದ್ದ ಕುತೂಹಲವು ಪ್ರಸಿದ್ಧವಾದುದೇ. 1940ರಲ್ಲಿ ಅವರೂ ಪಿ. ನೀಲಕಂಠನ್ ಅವರೂ ವಜ್ರದ ಲೌಯೆ ಚಿತ್ರಗಳನ್ನು ತೆಗೆದಾಗ, ಲೆಕ್ಕದಂತೆ ಇರಬೇಕಾದ ಚುಕ್ಕೆಗಳಲ್ಲದೆ ಬೇರೆ ಕೆಲವು ಮಂದವಾದ ಚುಕ್ಕೆಗಳೂ ಕಂಡುಬಂದುವು. ಇಂಥವನ್ನು ಬೇರೆ ದೇಶಗಳಲ್ಲಿಯೂ ಕೆಲವರು ನೋಡಿದ್ದರು. ಲೆಕ್ಕಕ್ಕೆ ಹೊಂದದ ಚುಕ್ಕೆಯನ್ನು ಫಲಕದ ದೋಷವೆಂದು ಬಿಟ್ಟುಬಿಡುವುದು ಸುಲಭವಾಗಿತ್ತು. ರಾಮನ್ನರು ಹಾಗೆ ಬಿಡಲಿಲ್ಲ. ಹರಳಿನೊಳಗಿನ ಪರಮಾಣುಗಳ ಕಂಪನವೇ ಇವುಗಳಿಗೆ ಕಾರಣವೆಂದು ತಮ್ಮದೇ ಆದ ಒಂದು ಸಿದ್ಧಾಂತವನ್ನು ಮುಂದಿಟ್ಟರು.

ಇಂಗ್ಲೆಂಡಿನಲ್ಲಿ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಕ್ಯಾಥ್ಲೀನ್ ಲಾನ್ಸ್‌ಡೇಲ್ ಎಂಬ ಮಹಿಳೆ. 1934ರಲ್ಲಿಯೇ ವಜ್ರಗಳು ಬೆಳಕಿನ ಪರೀಕ್ಷೆಯಿಂದ ಎರಡು ಜಾತಿಗಳಾಗಿ ವಿಂಗಡಿಸಲ್ಪಟ್ಟಿದ್ದುವು. 1941ರಲ್ಲಿ ಆಕೆಯೂ ಆಕೆಯ ಸಹೋದ್ಯೋಗಿಯೂ ಎರಡೂ ಜಾತಿಯ ವಜ್ರಗಳ ಚಿತ್ರಗಳನ್ನು ಹೋಲಿಸಿ, ಹೆಚ್ಚಿನ ಚುಕ್ಕೆಗಳಲ್ಲಿಯೂ ಎರಡು ಬಗೆಯುಂಟೆಂದು ತೋರಿಸಿದರು. ಹರಡಿಕೊಂಡ ಮಂದವಾದ ಕಲೆಗಳು ಎರಡೂ ಜಾತಿಗಳಲ್ಲಿ ಇರುವುವು. ಇವು ಶಾಖದಿಂದಾಗುವ ಪರಮಾಣುಗಳ ಕದಲಿಕೆಯ ಫಲ. ಹರಿತವಾದ ಚುಕ್ಕೆಗಳು ಮೊದಲನೆಯ ಜಾತಿಯಲ್ಲಿ ಮಾತ್ರ ಇರುವುವು. ಈ ಜಾತಿಯ ವಜ್ರಗಳಲ್ಲಿ ಸಾರಜನಕವು ಬೆರೆತಿದೆಯೆಂಬುದು 1959ರಲ್ಲಿ ಗೊತ್ತಾಯಿತು. ಅವುಗಳ ಒಳಗೆ ಅತಿ ತೆಳುವಾದ ಹಾಳೆಗಳಂಥ ಲೋಪಗಳಿರುವುದು 1962ರಲ್ಲಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ಕಣ್ಣಿಗೇ ಕಂಡಿತು. ಹರಿತವಾದ ಚುಕ್ಕೆಗಳು ಹುಟ್ಟುವುದು ಇವುಗಳಿಂದ. ರಾಮನ್ನರು ಕೊಟ್ಟ ವಿವರಣೆಯನ್ನು ವಿದ್ವಲ್ಲೋಕವು ಒಪ್ಪಲಿಲ್ಲ. ಆದರೂ ಚುಕ್ಕೆಗಳು ನಿಜವಾದುವೆಂಬ ಮಾತು ನಿಂತಿತು. ವಿವರಣೆ ತಪ್ಪಬಹುದು, ಕಂಡದ್ದನ್ನು ಅಳಿಸದಿದ್ದರೆ ಮುಂದಿನವರು ಅದನ್ನು ತಿದ್ದಬಹುದು.

ಅದೇ ಕಾಲದಲ್ಲಿ ರಾಮನ್ನರ ಪ್ರಯೋಗಶಾಲೆಯಲ್ಲಿ ಅನ್ನಾ ಮಣಿ ಎಂಬ ತರುಣಿ ಮೂವತ್ತಕ್ಕೂ ಹೆಚ್ಚು ವಜ್ರಗಳು ಹೊರಸೂಸುವ ಬೆಳಕನ್ನು ಕುರಿತು ಸಂಶೋಧನೆ ಮಾಡುತ್ತಿದ್ದರು. ಒಂದೊಂದು ಚಿತ್ರಕ್ಕೂ ಹದಿನೈದು ಇಪ್ಪತ್ತು ಗಂಟೆಗಳು ಹಿಡಿಯುತ್ತಿದ್ದುದರಿಂದ ಆಕೆ ಎಷ್ಟೋ ರಾತ್ರಿಗಳನ್ನು ಪ್ರಯೋಗಶಾಲೆಯಲ್ಲಿಯೇ ಕಳೆಯುತ್ತಿದ್ದರು. ಆಕೆ ಎಂ.ಎಸ್‌ಸಿ. ಪದವೀಧರೆಯಲ್ಲವೆಂಬ ಕಾರಣದಿಂದ ಆ ಪ್ರಬಂಧಕ್ಕೆ ಡಾಕ್ಟರೇಟ್ ಪದವಿಯು ದೊರೆಯಲಿಲ್ಲ. ಆದರೂ ಮುಂದೆ ಆಕೆ ನಮ್ಮ ದೇಶದ ಹವಾಮಾನ ಇಲಾಖೆಯ ಮಾಪಕಗಳನ್ನು ಇಲ್ಲಿಯೇ ತಯಾರಿಸುವ ಕಾರ್ಯದಲ್ಲಿ ಅಗ್ರಗಣ್ಯರಾದರು. ಲಾನ್ಸ್‌ಡೇಲ್ ಅವರಾದರೋ ಹರಳಿನ ಲೆಕ್ಕಕ್ಕೆ ಬೇಕಾದ ಸೂತ್ರಗಳ ಒಂದು ದೊಡ್ಡ ಗ್ರಂಥವನ್ನು 1936ರಲ್ಲಿ ತಮ್ಮ ಕೈಬರಹದಲ್ಲಿಯೇ ಪ್ರಕಟಿಸಿದರು. 1945ರಲ್ಲಿ ರಾಯಲ್ ಸೊಸೈಟಿಗೆ ಮೊಟ್ಟಮೊದಲು ಚುನಾಯಿತರಾದ ಇಬ್ಬರು ಮಹಿಳೆಯರಲ್ಲಿ ಆಕೆಯೊಬ್ಬರು. ಕ್ವೇಕರ್ ಮತದವರಾದ ಆಕೆ ಯುದ್ಧಕಾಲದ ಕಡ್ಡಾಯ ಸೇವೆಗೆ ಹೆಸರು ಕೊಡುವುದು ತಮ್ಮ ಮನಸ್ಸಾಕ್ಷಿಗೆ ಒಪ್ಪದೆಂದು ಹೇಳಿ 1943ರಲ್ಲಿ ಒಂದು ತಿಂಗಳು ಸೆರೆಮನೆಯನ್ನೂ ಅನುಭವಿಸಿದರು.

ಇನ್ನು ಗಣಕಯಂತ್ರಗಳ ಪ್ರಸ್ತಾಪಕ್ಕೆ ಬರೋಣ. ಎಲೆಕ್ಟ್ರಾನುಗಳನ್ನು ಬೆಳಕಿನ ವೇಗದ ಸಮೀಪಕ್ಕೆ ತಂದು ದೊಡ್ಡ ವರ್ತುಲದಲ್ಲಿ ಸುತ್ತಿಸಿದರೆ ಅತ್ಯಂತ ತೀಕ್ಷ್ಣವಾದ ಕ್ಷಕಿರಣಗಳು ಹೊರಡುವುವು. ಈ ಯಂತ್ರಕ್ಕೆ ಸಿಂಕ್ರೊಟ್ರಾನ್ ಎಂದು ಹೆಸರು. ಇಂಗ್ಲೆಂಡಿನ ಡೇರ್ಸ್‌ಬರಿ ಎಂಬಲ್ಲಿ ಇಂಥ ಯಂತ್ರವೊಂದು 1981ರಿಂದ 2008ರವರೆಗೆ ಕೆಲಸಮಾಡಿತು. ಅದರಲ್ಲಿ ಹಲವು ಉದ್ದದ ಅಲೆಗಳು ಸಹಜವಾಗಿಯೇ ಬೆರೆತಿರುವುದರಿಂದ ಲೌಯೆ ಮಾರ್ಗಕ್ಕೆ ಹೊಸ ಜೀವ ಬಂದಿತು. 1987ರಲ್ಲಿ ಕ್ರೂಕ್‌ಶಾಂಕ್, ಹೆಲ್ಲಿವೆಲ್, ಮೊಫಟ್ ಎಂಬ ಮೂವರು, ಚುಕ್ಕೆಗಳು ಒಂದರೊಳಗೊಂದು ಕೂಡಿಕೊಳ್ಳುವವೆಂಬ ಹಳೆಯ ಭಯವು ಬಹಳ ಹೆಚ್ಚಾದುದೆಂದೂ, ಬಹುಪಾಲು ಚುಕ್ಕೆಗಳಲ್ಲಿ ಒಂದೇ ಅಲೆ ಇರುವುದೆಂದೂ ಗಣಿತದಿಂದ ಸಾಧಿಸಿದರು. ಬಳಸುವ ಅಲೆಗಳಲ್ಲಿ ಅತಿ ದೊಡ್ಡದರ ಉದ್ದವು ಅತಿ ಚಿಕ್ಕದರ ಎರಡರಷ್ಟಕ್ಕಿಂತ ಕಡಿಮೆಯಾಗಿದ್ದರೆ ಆ ತೊಡಕು ಸ್ವಲ್ಪವೂ ಇರುವುದಿಲ್ಲ. ಏಕೆಂದರೆ ಅರ್ಧ ಉದ್ದದ ಅಲೆಯೇ ಅಲ್ಲಿ ಇರುವುದಿಲ್ಲ. ಉಳಿದದ್ದು ಲೆಕ್ಕದ ಕೆಲಸ. ಆ ಲೆಕ್ಕವನ್ನು ಹೇಗೆ ಮಾಡಬೇಕೆಂದು ಗಣಕಯಂತ್ರಕ್ಕೆ ಹಂತಹಂತವಾಗಿ ಬರೆದುಕೊಡುವ ಆದೇಶಗಳ ಸಮೂಹಕ್ಕೆ ತಂತ್ರಾಂಶವೆನ್ನುವರು. ಡೇರ್ಸ್‌ಬರಿಯಲ್ಲಿ ರಚಿತವಾದ ಲೌಯೆಜೆನ್, ಅಮೆರಿಕದಲ್ಲಿ ರಚಿತವಾದ ಲೌಯೆವ್ಯೂ ಮತ್ತು ಪ್ರಿಕಾಗ್ನಿಷನ್ ಎಂಬುವು ಈ ಕಾರ್ಯಕ್ಕೆ ಹೆಸರಾದ ತಂತ್ರಾಂಶಗಳು.

ಇವುಗಳ ಮೊದಲನೆಯ ಕಾರ್ಯವು ಚುಕ್ಕೆಗಳನ್ನು ಗುರುತಿಸುವುದು. ನಮ್ಮ ಹೆಣ್ಣುಮಕ್ಕಳು ರಂಗೋಲಿಗೆ ಮೊದಲು ಚುಕ್ಕೆಗಳನ್ನಿಟ್ಟು ಆಮೇಲೆ ಗೆರೆಗಳನ್ನು ಎಳೆಯುವರಷ್ಟೆ. ಇಲ್ಲಿ ಗೆರೆಗಳಿಲ್ಲದ ಚುಕ್ಕೆಗಳು ಮಾತ್ರ ದೊರೆತಿವೆ. ಅವು ಯಾವ ಗೆರೆಗಳ ಮೇಲೆ ಕುಳಿತಿವೆಯೆಂದು ಹಿಂದಿನಿಂದ ಕಂಡುಹಿಡಿಯಬೇಕು. ಲೌಯೆ ಚಿತ್ರದಲ್ಲಿ ಚುಕ್ಕೆಗಳು ಬಾಗಿದ ರೇಖೆಗಳ ಮೇಲೆ ಸಾಲಾಗಿರುವುವು. ಹಲವು ರೇಖೆಗಳು ಕೂಡುವ ಸ್ಥಳದಲ್ಲಿ ಗಾಢವಾದ ಚುಕ್ಕೆಯೊಂದಿದ್ದು, ಅದರ ಸುತ್ತ ಸ್ವಲ್ಪ ಬಯಲು ಇರುವುದು. ಇಂತಹ ಕೆಲವು ಮುಖ್ಯ ಚುಕ್ಕೆಗಳನ್ನು ಆರಿಸಿಕೊಂಡು, ಅವುಗಳ ನಡುವಣ ಕೋನಗಳನ್ನು ಹರಳಿನಲ್ಲಿ ಇರಬಹುದಾದ ಕೋನಗಳೊಡನೆ ಹೋಲಿಸಿ, ಹರಳು ಯಾವ ದಿಕ್ಕಿಗೆ ತಿರುಗಿ ಕುಳಿತಿದೆಯೆಂದು ತಂತ್ರಾಂಶವು ನಿರ್ಣಯಿಸುವುದು. ಬಳಿಕ ಎಲ್ಲೆಲ್ಲಿ ಚುಕ್ಕೆಗಳು ಬೀಳಬೇಕೆಂದು ತಾನೇ ಲೆಕ್ಕಹಾಕಿ, ನಿಜವಾಗಿ ಬಿದ್ದಿರುವ ಸ್ಥಾನಗಳೊಡನೆ ತಾಳೆನೋಡಿ, ವ್ಯತ್ಯಾಸವು ಅತ್ಯಲ್ಪವಾಗುವವರೆಗೂ ತಿದ್ದುತ್ತಾ ಹೋಗುವುದು.

ಎರಡನೆಯ ಕಾರ್ಯವು ಗಾಢತೆಯನ್ನು ಅಳೆಯುವುದು. ಜನಸಂದಣಿಯಲ್ಲಿ ಮೈಗೆ ಮೈ ತಾಗಿ ನಿಂತವರಂತೆ ಅಕ್ಕಪಕ್ಕದ ಚುಕ್ಕೆಗಳು ಒಂದನ್ನೊಂದು ಒತ್ತಿಕೊಂಡಿರುವುದುಂಟು. ಆಗ ಬಿಡಿಯಾಗಿ ನಿಂತ ಚುಕ್ಕೆಗಳ ಆಕಾರವನ್ನು ಮಾದರಿಯಾಗಿಟ್ಟುಕೊಂಡು, ಒತ್ತಿಕೊಂಡವುಗಳಲ್ಲಿ ಯಾವುದರ ಪಾಲು ಎಷ್ಟೆಂದು ವಿಭಾಗಿಸಬೇಕು. ಹರಳಿನೊಳಗೆ ಕ್ರಮವು ಸ್ವಲ್ಪ ಕೆಟ್ಟಿದ್ದರೂ ಚುಕ್ಕೆಯು ಗೀಟಿನಂತೆ ಉದ್ದವಾಗುವುದು. ಅದನ್ನೂ ಗಣನೆಗೆ ತರಬೇಕು.

ಮೂರನೆಯದು ಅತ್ಯಂತ ನಾಜೂಕಾದುದು. ಬೆರಕೆಯ ಕಿರಣದಲ್ಲಿ ಎಲ್ಲಾ ಅಲೆಗಳೂ ಸಮನಾದ ಬಲದಿಂದ ಇರುವುದಿಲ್ಲ. ಆದುದರಿಂದ ಒಂದು ಚುಕ್ಕೆಯು ಗಾಢವಾಗಿರುವುದು ಆ ಪದರದ ಗುಣದಿಂದಲೋ, ಆ ಅಲೆಯ ಬಲದಿಂದಲೋ ಎಂಬುದು ತಿಳಿಯದು. ಒಂದೇ ಬೆಲ್ಲದ ಅಚ್ಚನ್ನು ಹಲವು ಅಂಗಡಿಗಳ ತಕ್ಕಡಿಗಳಲ್ಲಿ ತೂಗಿಸಿದರೆ, ಅಚ್ಚಿನ ತೂಕ ಒಂದೇ ಆದಕಾರಣ, ಬಂದ ವ್ಯತ್ಯಾಸವೆಲ್ಲಾ ತಕ್ಕಡಿಗಳದೆಂದು ನಿಶ್ಚಯಿಸಬಹುದಲ್ಲವೆ? ಅದರಂತೆ ಹರಳನ್ನು ಬೇರೆ ಬೇರೆ ನಿಲುವುಗಳಲ್ಲಿಟ್ಟು ಹಲವು ಚಿತ್ರಗಳನ್ನು ತೆಗೆದರೆ, ಒಂದೇ ಪದರವು ಬೇರೆ ಬೇರೆ ಉದ್ದದ ಅಲೆಗಳಿಂದ ಅಳೆಯಲ್ಪಡುವುದು. ಹರಳಿನ ಸಮಮಿತಿಯಿಂದ ಸರಿಸಮಾನವಾದ ಪದರಗಳೂ ಹಾಗೆಯೇ ಒದಗುವುವು. ಸಮನಾಗಿರಬೇಕಾದವುಗಳಲ್ಲಿ ಕಂಡ ಅಸಮತೆಯಿಂದ ಒಂದೊಂದು ಅಲೆಯ ಬಲವನ್ನೂ ತಂತ್ರಾಂಶವು ಕಂಡುಹಿಡಿದು ಎಲ್ಲಾ ಅಳತೆಗಳನ್ನೂ ಒಂದೇ ತೂಕಕ್ಕೆ ತರುವುದು. ಕೂಡಿಕೊಂಡ ಚುಕ್ಕೆಗಳನ್ನು ಬಿಡಿಸುವುದೂ ಇದೇ ಯುಕ್ತಿಯಿಂದ.

ಈ ಶ್ರಮದ ಫಲವೇನೆಂದು ತಂದೆತಾಯಿಗಳು ಕೇಳಬಹುದು. ಮುಚ್ಚಿದ ಕೋಣೆಯಲ್ಲಿ ಇದ್ದಲ ಒಲೆಯನ್ನಿಟ್ಟು ಮಲಗಿದವರು ಪ್ರಾಣ ಕಳೆದುಕೊಂಡ ಸಂಗತಿಯನ್ನು ಎಲ್ಲರೂ ಕೇಳಿರುವರು. ಕಾರ್ಬನ್ ಮಾನಾಕ್ಸೈಡ್ ಎಂಬ ಆ ವಿಷಾನಿಲವು ಪ್ರಾಣವಾಯುವಿಗೆ ಮೀಸಲಾದ ಸ್ಥಾನವನ್ನು ರಕ್ತದಲ್ಲಿ ಆಕ್ರಮಿಸುವುದೇ ಅದಕ್ಕೆ ಕಾರಣ. ಮಾಂಸಖಂಡಗಳಲ್ಲಿ ಪ್ರಾಣವಾಯುವನ್ನು ಹಿಡಿದಿಡುವ ಮಯೊಗ್ಲೋಬಿನ್ ಎಂಬ ಪ್ರೋಟೀನಿನಲ್ಲಿಯೂ ಈ ಅನಿಲವು ಹಾಗೆಯೇ ಅಂಟಿಕೊಳ್ಳುವುದು. ಫ್ರಾನ್ಸಿನ ಗ್ರೆನೊಬ್ಲ್ ನಗರದ ಸಿಂಕ್ರೊಟ್ರಾನಿನಲ್ಲಿ ಇಂತಹ ಮಯೊಗ್ಲೋಬಿನ್ ಹರಳಿನ ಮೇಲೆ ಲೇಸರ್ ಬೆಳಕನ್ನು ಒಂದು ಕ್ಷಣ ಹೊಡೆದು, ಅನಿಲವನ್ನು ಅದರ ಸ್ಥಾನದಿಂದ ಬಿಡಿಸಿ, ಕೂಡಲೆ ಲೌಯೆ ಚಿತ್ರವನ್ನು ತೆಗೆದರು. ಒಂದು ಸೆಕೆಂಡಿನ ನೂರು ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟು ಕಾಲದೊಳಗೆ ಆ ಅನಿಲವು ಎಲ್ಲಿಗೆ ಸರಿಯಿತೆಂಬುದನ್ನು 1996ರಲ್ಲಿ ಪ್ರಕಟಿಸಿದರು. ಹರಳನ್ನು ತಿರುಗಿಸುತ್ತಾ ಕುಳಿತರೆ ಇಂತಹ ಕ್ಷಣವನ್ನು ಹಿಡಿಯಲಾಗದು. ಪ್ರಾಣವಸ್ತುಗಳು ಕೆಲಸಮಾಡುತ್ತಿರುವಾಗಲೇ ಅವುಗಳನ್ನು ನೋಡುವ ಭಾಗ್ಯವು ಲೌಯೆ ಚಿತ್ರದಿಂದಲೂ ಅದರ ಲೆಕ್ಕದಿಂದಲೂ ಒದಗಿತು.

ಆದರೆ ಯಂತ್ರದ ಲೆಕ್ಕಕ್ಕೂ ಒಂದು ಮಿತಿಯುಂಟು. ಎಷ್ಟು ಉದ್ದದಿಂದ ಎಷ್ಟು ಉದ್ದದವರೆಗಿನ ಅಲೆಗಳಿವೆ, ಎಷ್ಟು ಸೂಕ್ಷ್ಮವಾದ ಪದರಗಳವರೆಗೆ ಈ ಹರಳು ಚುಕ್ಕೆಗಳನ್ನು ಕೊಡಬಲ್ಲದು ಎಂಬ ಎಲ್ಲೆಗಳನ್ನು ಅದಕ್ಕೆ ತಿಳಿಸಬೇಕು. ಎಲ್ಲೆಯನ್ನು ಬಹಳ ದೂರಕ್ಕೆ ಇಟ್ಟರೆ ಇಲ್ಲದ ಚುಕ್ಕೆಗಳನ್ನು ಇವೆಯೆಂದು ಎಣಿಸಿ, ಬರಿಯ ಮಸಕನ್ನೇ ಅಳೆದು ಅಂಕಿಯಾಗಿ ಬರೆಯುವುದು. ಬಹಳ ಹತ್ತಿರಕ್ಕೆ ಇಟ್ಟರೆ ನಿಜವಾದ ಚುಕ್ಕೆಗಳನ್ನು ಕಾಣದೆ ಹೋಗುವುದು. ಮುಖ್ಯ ಚುಕ್ಕೆಗಳ ಸುತ್ತಲಿನ ಬಯಲು ಎಷ್ಟು ಅಗಲವಾಗಿದೆಯೆಂದು ಕಣ್ಣಿನಿಂದ ನೋಡಿ ಈ ಎಲ್ಲೆಯನ್ನು ಪರೀಕ್ಷಿಸಬಹುದು. ಇದಕ್ಕಿಂತಲೂ ದೊಡ್ಡ ಅಪಾಯವು ಇನ್ನೊಂದಿದೆ. ಇತರ ಅಳತೆಗಳೊಡನೆ ಹೊಂದದ ಅಳತೆಯನ್ನು ತಳ್ಳಿಹಾಕುವ ಅಧಿಕಾರವನ್ನು ತಂತ್ರಾಂಶಕ್ಕೆ ಕೊಡುವುದುಂಟು. ಧೂಳಿನಿಂದಲೋ ಯಂತ್ರದ ತೊಂದರೆಯಿಂದಲೋ ಆದ ತಪ್ಪುಗಳನ್ನು ತೆಗೆಯುವುದಕ್ಕೆ ಅದು ಅವಶ್ಯಕವೇ. ಆದರೆ ತಳ್ಳುತ್ತಾ ಹೋದಷ್ಟೂ ಉಳಿದವುಗಳ ಪರಸ್ಪರ ಹೊಂದಾಣಿಕೆ ಹೆಚ್ಚಿ, ಕೊನೆಯಲ್ಲಿ ಬರುವ ಅಂಕಿಯು ಅಂದವಾಗಿ ಕಾಣುವುದು. ಸತ್ಯವು ಮಾತ್ರ ಹೆಚ್ಚಿರುವುದಿಲ್ಲ. 1940ರ ವಜ್ರದ ಚಿತ್ರವನ್ನು ಅಂತಹ ಆದೇಶಕ್ಕೆ ಒಪ್ಪಿಸಿದ್ದರೆ, ಆ ಮಂದವಾದ ಚುಕ್ಕೆಗಳನ್ನು ಅದು ಲೆಕ್ಕಕ್ಕೆ ಸೇರಿಸುತ್ತಲೇ ಇರಲಿಲ್ಲ. ಅವು ಇರಬೇಕಾದ ಪಟ್ಟಿಯಲ್ಲಿಯೇ ಇದ್ದಿಲ್ಲವಷ್ಟೆ.

ಆದಕಾರಣ ಒಳ್ಳೆಯ ತಂತ್ರಾಂಶದ ಲಕ್ಷಣವು ಬೇಗ ಉತ್ತರ ಹೇಳುವುದೊಂದೇ ಅಲ್ಲ. ತಾನು ಏನನ್ನು ಬಿಟ್ಟಿತು, ಏಕೆ ಬಿಟ್ಟಿತು ಎಂಬುದನ್ನು ಅದು ತೋರಿಸಬೇಕು. ಮೂಲಚಿತ್ರವನ್ನು ಕೆಡಿಸದೆ ಉಳಿಸಬೇಕು. ಬೇರೆಯವರು ಅದೇ ಲೆಕ್ಕವನ್ನು ಮತ್ತೆ ಮಾಡಿ ನೋಡುವುದಕ್ಕೆ ಎಡೆಗೊಡಬೇಕು. ಇತ್ತೀಚಿನ ವರ್ಷಗಳಲ್ಲಿ ರಚಿತವಾದ ಲೌಯೆ ಡಯಲ್ಸ್, ಕೇರ್‌ಲೆಸ್ ಮುಂತಾದುವುಗಳ ಆದೇಶಗಳನ್ನು ಯಾರು ಬೇಕಾದರೂ ಓದಿ ಪರೀಕ್ಷಿಸುವಂತೆ ತೆರೆದಿಟ್ಟಿರುವುದು ಸಂತೋಷದ ವಿಷಯ. ವ್ಯಾಪಾರಿಯು ತಕ್ಕಡಿಯನ್ನು ಗಿರಾಕಿಗೆ ಕಾಣುವಂತೆ ಹಿಡಿಯಬೇಕೆಂಬ ನ್ಯಾಯವು ವಿದ್ಯೆಗೂ ಸಲ್ಲುವುದು.

ಈ ವಿದ್ಯೆಯು ನಮಗೆ ದೂರದ್ದೇನೂ ಅಲ್ಲ. ನಮ್ಮ ಮಾನಸಗಂಗೋತ್ರಿಯ ಭೌತಶಾಸ್ತ್ರ ವಿಭಾಗದಲ್ಲಿಯೂ ಹರಳುಗಳ ಒಳರಚನೆಯನ್ನು ಕ್ಷಕಿರಣಗಳಿಂದ ಅರಿಯುವ ಕೆಲಸವು ನಡೆದುಬಂದಿದೆ. ಇದಕ್ಕೆ ಬೇಕಾದ ತಳಹದಿಯು ರೇಖಾಗಣಿತ, ತ್ರಿಕೋನಮಿತಿ, ಮತ್ತು ಬಿದ್ದ ಅಂಕಿಯನ್ನು ಬಿದ್ದಂತೆಯೇ ಬರೆಯುವ ಅಭ್ಯಾಸ. ಇವು ಮೂರೂ ಪ್ರೌಢಶಾಲೆಯಲ್ಲಿಯೇ ದೊರೆಯುವುವು. ಹೆಣ್ಣುಮಕ್ಕಳಿಗೆ ಗಣಿತವು ಹೊರೆಯೆಂದು ಎಣಿಸಿ ಅದನ್ನು ಬಿಡಿಸುವ ಆಲೋಚನೆಯುಳ್ಳ ತಂದೆತಾಯಿಗಳು ಲಾನ್ಸ್‌ಡೇಲ್, ಹಾಡ್ಜ್‌ಕಿನ್, ಅನ್ನಾ ಮಣಿ ಇವರ ಜೀವಿತಗಳನ್ನು ಒಮ್ಮೆ ಮನಸ್ಸಿಗೆ ತಂದುಕೊಳ್ಳಬೇಕೆಂದು ನಮ್ಮ ಬಿನ್ನಹ. ತರಗತಿಯಲ್ಲಿ ಹುಡುಗಿಯೊಬ್ಬಳು ಎದ್ದುನಿಂತು, ಪುಸ್ತಕದಲ್ಲಿರುವ ಉತ್ತರವು ತನ್ನ ಪ್ರಯೋಗದ ಅಳತೆಗೆ ಹೊಂದುವುದಿಲ್ಲವೆಂದು ಹೇಳಿದರೆ, ಅಳತೆಯನ್ನು ತಿದ್ದಿ ಬರೆದುಬಿಡೆಂದು ಹೇಳುವುದು ಉಪಾಧ್ಯಾಯರಿಗೂ ಪೋಷಕರಿಗೂ ತಕ್ಕುದಲ್ಲ. ಮತ್ತೊಮ್ಮೆ ಅಳೆದು ನೋಡೆಂದು ಹೇಳೋಣ. ಆಗಲೂ ಹೊಂದದಿದ್ದರೆ ಕಂಡದ್ದನ್ನೇ ಬರೆದಿಡಲಿ. ದೇವರ ಸೃಷ್ಟಿಯಲ್ಲಿ ನಾವು ಇನ್ನೂ ಅರಿಯದಿರುವುದು ಬಹಳವಿದೆ. ಅದನ್ನು ಅರಿಯುವ ಭಾಗ್ಯವು ನಮ್ಮ ಶಾಲೆಯ ಮಕ್ಕಳಿಗೂ ಒದಗಲೆಂದು ಹಾರೈಸುತ್ತೇವೆ.